ಸಿಕ್ಲಿಡ್ ಮರಿಗಳಿಗೆ ತಕ್ಕ ನೆರೆಹೊರೆ

ಏಂಜಲ್, ಆಸ್ಕರ್, ಫ್ಲವರ್‌ಹಾರ್ನ್, ಬಣ್ಣಬಣ್ಣದ ಆಫ್ರಿಕನ್ ಮೀನುಗಳು - ಹೆಸರು ಬೇರೆಯಾದರೂ ಇವೆಲ್ಲ ಸಿಕ್ಲಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಮನೆಯ ಪಡಸಾಲೆಗೋ ದವಾಖಾನೆಗೋ ಅಕ್ವೇರಿಯಂ ತಂದವರ ಕಣ್ಣು ಮೊದಲು ಬೀಳುವುದೂ ಇವುಗಳ ಮೇಲೆಯೇ. ಎರಡು ಅಂಗುಲದ ಮರಿಯಾಗಿದ್ದಾಗ ಎಲ್ಲವುಗಳೊಡನೆ ಹೊಂದಿಕೊಂಡಂತೆ ತೋರುವ ಮೀನು ಕೆಲವೇ ತಿಂಗಳಲ್ಲಿ ತೊಟ್ಟಿಯ ಒಡೆಯನಾಗುತ್ತದೆ. ಸಣ್ಣ ಮೀನುಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬೇಸತ್ತವರು ದೊಡ್ಡ ಮೀನನ್ನು ಕೆರೆಗೆ ಬಿಟ್ಟು ಬರುವುದೂ ಉಂಟು. ಮೀನಿಗೂ ಕೆರೆಗೂ ಒದಗುವ ಈ ಹಾನಿಯನ್ನು ತಡೆಯುವ ಕೆಲಸ ಮರಿಯನ್ನು ಕೊಳ್ಳುವ ಮೊದಲೇ ಆರಂಭವಾಗಬೇಕು.

ವಯಸ್ಸಿನೊಡನೆ ಬದಲಾಗುವ ಸ್ನೇಹ

ಜಗತ್ತಿನಲ್ಲಿ ಈವರೆಗೆ ಹೆಸರಿಸಲಾದ ಸಿಕ್ಲಿಡ್ ಪ್ರಭೇದಗಳು 1,700ಕ್ಕೂ ಹೆಚ್ಚು. ದಕ್ಷಿಣ ಅಮೆರಿಕ ಮತ್ತು ಆಫ್ರಿಕಗಳು ಇವುಗಳ ಮುಖ್ಯ ನೆಲೆ. ಭಾರತಕ್ಕೆ ಸಹಜವಾದವು ಮೂರೇ: ಕೇರಳದಲ್ಲಿ ಕರಿಮೀನ್ ಎನಿಸಿಕೊಂಡ ಪರ್ಲ್ ಸ್ಪಾಟ್, ಆರೆಂಜ್ ಕ್ರೊಮೈಡ್ ಹಾಗೂ ದಕ್ಷಿಣ ಕನ್ನಡದ ನದಿಗಳಲ್ಲಿ ವಾಸಿಸುವ ಕೆನರಾ ಪರ್ಲ್ ಸ್ಪಾಟ್. ಇವುಗಳಲ್ಲಿ ಮೊದಲೆರಡರ ಸಂಬಂಧ ಸ್ವಾರಸ್ಯಕರ. ಆರೆಂಜ್ ಕ್ರೊಮೈಡ್‌ನ ಮರಿಗಳು ಪರ್ಲ್ ಸ್ಪಾಟ್‌ನ ಮೈಮೇಲಿನ ಪರಾವಲಂಬಿಗಳನ್ನು ಕಚ್ಚಿ ತೆಗೆದು ಶುಚಿಗೊಳಿಸುತ್ತವೆ. ಆದರೆ ಅದೇ ಆರೆಂಜ್ ಕ್ರೊಮೈಡ್‌ಗಳು ಅದೇ ಪರ್ಲ್ ಸ್ಪಾಟ್‌ನ ಮೊಟ್ಟೆಗಳನ್ನು ತಿನ್ನುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಸಿಕ್ಲಿಡ್‌ಗಳ ಹೊಂದಾಣಿಕೆ ಶಾಶ್ವತವಲ್ಲ. ವಯಸ್ಸು, ಗಾತ್ರ, ಸಂತಾನಕಾಲಗಳಿಗೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ಮರಿಗೆ ಜೊತೆಗಾರರನ್ನು ಆರಿಸುವಾಗ ಇಂದಿನ ಗಾತ್ರವನ್ನಲ್ಲ, ಬೆಳೆದ ಮೇಲಿನ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೀರಿನ ಗುಣ

ಜೊತೆಗಾರರೆಲ್ಲರಿಗೂ ಒಂದೇ ನೀರು ಒಗ್ಗಬೇಕೆಂಬುದು ಮೊದಲ ನಿಯಮ. ಅಮೆಜಾನ್ ಮೂಲದ ಏಂಜಲ್ ಮೀನಿಗೆ ಮೆದುವಾದ, ಪಿಎಚ್ 6ರಿಂದ 7.5ರೊಳಗಿನ ನೀರು ಹಿತ. ಆಫ್ರಿಕದ ಮಲಾವಿ ಸರೋವರದ ಮೀನುಗಳು ಪಿಎಚ್ 7.8ರಿಂದ 8.6ರವರೆಗಿನ ಗಡಸು ನೀರಿನವು. ಇವೆರಡನ್ನು ಒಂದೇ ತೊಟ್ಟಿಯಲ್ಲಿ ಇಡಲಾಗದು. ನಮ್ಮ ಭಾಗದಲ್ಲಿ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ನಳದಲ್ಲಿ ಬರುವ ನದಿನೀರು ಅದಕ್ಕಿಂತ ಮೆದು. ಕೊಡದ ಅಂಚಿನಲ್ಲಿ ಬಿಳಿಯ ಪದರ ಕಟ್ಟುತ್ತಿದ್ದರೆ ನೀರು ಗಡಸೆಂದು ತಿಳಿಯಬಹುದು. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿನ ತೆರೆದಿಟ್ಟು ಗಾಳಿಯಾಡಿಸಿ ಬಳಸುವುದು ಕ್ಷೇಮ.

ಯಾವುದರ ಜೊತೆ ಯಾವುದು

ಸಮುದಾಯ ತೊಟ್ಟಿಗೆ ಹೊಸಬರು ಧೈರ್ಯವಾಗಿ ಆರಿಸಬಹುದಾದ ಸಿಕ್ಲಿಡ್ ಏಂಜಲ್. ಕೋರಿಡೋರಸ್, ಬ್ರಿಸಲ್‌ನೋಸ್ ಪ್ಲೆಕೋ, ಗಾತ್ರದಲ್ಲಿ ಕೊಂಚ ದೊಡ್ಡದಾದ ಟೆಟ್ರಾಗಳು ಇದಕ್ಕೆ ಹೊಂದುತ್ತವೆ. ಗಪ್ಪಿ ಮತ್ತು ನಿಯಾನ್ ಟೆಟ್ರಾಗಳು ಬೆಳೆದ ಏಂಜಲ್‌ನ ಬಾಯಿಗೆ ತುತ್ತಾಗುತ್ತವೆ. ಟೈಗರ್ ಬಾರ್ಬ್ ಏಂಜಲ್‌ನ ನೀಳವಾದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಗೋಲ್ಡ್‌ಫಿಶ್ ತಂಪು ನೀರಿನದು, ಅದೂ ಸಲ್ಲದು. ಆಸ್ಕರ್ ಒಂದು ಅಡಿಯವರೆಗೆ ಬೆಳೆಯುವುದರಿಂದ ಸಣ್ಣ ಮೀನುಗಳ ಜೊತೆಗಲ್ಲ. ಅದೃಷ್ಟ ತರುವುದೆಂಬ ನಂಬಿಕೆಯಿಂದ ಕೊಳ್ಳುವ ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆಳೆಸಿದ ಮಿಶ್ರತಳಿ. ಅದನ್ನು ಒಂಟಿಯಾಗಿಯೇ ಸಾಕಬೇಕು.

ಐದಾರು ಏಂಜಲ್ ಮರಿಗಳಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತಕ್ಕುದು. ಇದರಲ್ಲಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 190 ಕಿಲೋ ಆಗುವುದರಿಂದ ಸ್ಟ್ಯಾಂಡ್ ಗಟ್ಟಿಯಾಗಿರಬೇಕು. ಬೆಳೆದ ಮೇಲೆ ಎರಡು ಮೀನುಗಳು ಜೋಡಿಯಾಗಿ ಮೂಲೆ ಹಿಡಿದರೆ, ಅವನ್ನೋ ಉಳಿದವನ್ನೋ ಬೇರೆಡೆಗೆ ಸಾಗಿಸಬೇಕಾಗುತ್ತದೆ.

ಮರಿಗಳನ್ನು ಬಿಡುವ ಕ್ರಮ

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ಚಿಟಿಕೆ ಆಹಾರವನ್ನು ನೀರಿಗೆ ಹಾಕುತ್ತಿದ್ದರೆ ಅದು ಕೊಳೆತು, ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ದೊರೆಯುತ್ತದೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಬಳಿಕ ಮೊದಲು ಸೌಮ್ಯ ಮೀನುಗಳನ್ನು, ಕೊನೆಗೆ ಸಿಕ್ಲಿಡ್ ಮರಿಗಳನ್ನು ಬಿಡಬೇಕು. ತಂದ ಮರಿಗಳನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳಿತು.

ಬಿಡುವ ದಿನ ತೊಟ್ಟಿಯ ದೀಪ ಆರಿಸಿ, ಮರಿಗಳಿರುವ ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಬೇಕು. ಅನಂತರ ಐದೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಕೊನೆಗೆ ಮರಿಗಳನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಮೊದಲೇ ಸಿಕ್ಲಿಡ್ ಇದ್ದ ತೊಟ್ಟಿಯಾದರೆ ಕಲ್ಲು, ಗಿಡಗಳ ಸ್ಥಾನ ಬದಲಿಸಿದರೆ ಹಳೆಯ ಗಡಿಗಳು ಅಳಿಸಿಹೋಗಿ ಜಗಳ ತಗ್ಗುತ್ತದೆ. ಹಳೆಯ ಮೀನುಗಳಿಗೆ ಮುಂಚೆಯೇ ಆಹಾರ ಹಾಕುವುದು ಮತ್ತೊಂದು ಉಪಾಯ. ಮೂಲೆ ಸೇರಿದ ಮರಿ, ಹರಿದ ರೆಕ್ಕೆ, ಆಹಾರ ಮುಟ್ಟದಿರುವುದು ಕಂಡರೆ ತಡಮಾಡದೆ ಬೇರ್ಪಡಿಸಬೇಕು.

ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹೆಚ್ಚಿನ ಎಚ್ಚರ ಬೇಕು. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು 30 ಡಿಗ್ರಿಯಲ್ಲಿ 7.6 ಮಾತ್ರ ಹಿಡಿಯುತ್ತದೆ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಪಂಪ್ ಒಂದನ್ನು ಇಟ್ಟುಕೊಳ್ಳುವುದು ಜಾಣತನ.

ಕೆರೆಗೆ ಬಿಡಬೇಡಿ

ಬೆಳೆದ ಮೀನು ತೊಟ್ಟಿಗೆ ಸಾಲದಾದಾಗ ಅಂಗಡಿಗೆ ಮರಳಿಸಬೇಕು, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು. ಕೆರೆಗೆ ಬಿಟ್ಟ ಮೀನು ಕೆರೆಯಲ್ಲಿಯೇ ಉಳಿಯುವುದಿಲ್ಲ. ಕೋಡಿ ಬಿದ್ದರೆ ಹಳ್ಳ, ಹಳ್ಳದಿಂದ ವರದೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. 1952ರಲ್ಲಿ ಸಾಕಣೆಗೆಂದು ಭಾರತಕ್ಕೆ ತಂದ ತಿಲಾಪಿಯಾ ಕೂಡ ಆಫ್ರಿಕದ ಸಿಕ್ಲಿಡ್. ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಈ ಮೀನು ದಕ್ಷಿಣ ಭಾರತದ ಕೆರೆ, ಜಲಾಶಯಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡಿದೆ. ಒಮ್ಮೆ ನದಿ ಸೇರಿದ್ದನ್ನು ಹಿಂದಕ್ಕೆ ಪಡೆಯಲಾಗದು. ತಕ್ಕ ಜೊತೆಗಾರರನ್ನು ಆರಿಸಿ, ತಕ್ಕಷ್ಟು ಜಾಗ ಕೊಟ್ಟವರಿಗೆ ಮೀನನ್ನು ಹೊರಗೆ ಬಿಡುವ ಪ್ರಸಂಗವೇ ಬಾರದು.