ಸವೆತವನ್ನು ತಾನೇ ಅಳೆಯುವ ಬ್ರೇಕು

ಸ್ಕೂಟರಿನ ಹಿಂದಿನ ಬ್ರೇಕು ಸಡಿಲವಾದರೆ ಮೆಕ್ಯಾನಿಕ್ ಚಕ್ರದ ಬಳಿಯ ನಟ್ಟೊಂದನ್ನು ಎರಡು ಸುತ್ತು ಬಿಗಿಮಾಡಿ ಕೊಡುವುದನ್ನು ನೀವೆಲ್ಲ ಕಂಡಿರುತ್ತೀರಿ. ಮನುಷ್ಯನ ಕೈ ಮಾಡುವ ಈ ಕೆಲಸವನ್ನು ಯಂತ್ರಕ್ಕೇ ಕಲಿಸಲು ವಾಹನ ಜಗತ್ತು ಬಹಳ ಕಾಲ ತೆಗೆದುಕೊಂಡಿತು. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಡ್ರಮ್ ಬ್ರೇಕು ಫ್ರಾನ್ಸಿನ ಲೂಯಿ ರೆನೋ ಅವರ ಹೆಸರಿನೊಡನೆ, 1902ರ ಇಸವಿಯೊಡನೆ ಸೇರಿಕೊಂಡಿದೆ. ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಗೋಡೆಯನ್ನು ಎರಡು ಶೂಗಳು ಒತ್ತಿಹಿಡಿಯುತ್ತವೆ. ಘರ್ಷಣೆಯಿಂದ ವೇಗ ತಗ್ಗುತ್ತದೆ. ಆದರೆ ಘರ್ಷಣೆಯಿದ್ದಲ್ಲಿ ಸವೆತವೂ ಉಂಟಷ್ಟೆ. ಶೂವಿನ ಲೈನರ್ ಸವೆದಂತೆ ಡ್ರಮ್ಮಿನೊಡನೆ ಅದರ ಅಂತರ ಹೆಚ್ಚಿ, ಪೆಡಲು ಆಳಕ್ಕಿಳಿಯುತ್ತದೆ. ಆದ್ದರಿಂದ ಪ್ರತಿ ಚಕ್ರವನ್ನೂ ಆಗಾಗ ಕೈಯಿಂದ ಸರಿಪಡಿಸಬೇಕಾಗಿತ್ತು. ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲವಾದರೆ ಬ್ರೇಕು ಹಾಕಿದೊಡನೆ ವಾಹನ ಒಂದು ಕಡೆಗೆ ಎಳೆಯುತ್ತಿತ್ತು.

ಅಮೆರಿಕದ ಸ್ಟೂಡಿಬೇಕರ್ ಕಂಪನಿ ತನ್ನ 1947ರ ಮಾದರಿಯ ಕಾರುಗಳಲ್ಲಿ ತಾನಾಗಿ ಹೊಂದಿಕೊಳ್ಳುವ ಬ್ರೇಕುಗಳನ್ನು ತಂದಿತು. 1958ರ ಎಡ್ಸೆಲ್ ಕಾರಿನಲ್ಲಿಯೂ ಅಂತಹ ಬ್ರೇಕುಗಳಿದ್ದವು. ಮುಂದೆ ಅಮೆರಿಕದ ಕಾರುಗಳಲ್ಲಿ ಬಹುವಾಗಿ ಬಳಕೆಗೆ ಬಂದ ವಿಧಾನ ಬಲು ಜಾಣತನದ್ದು. ಕಾರನ್ನು ಹಿಂದಕ್ಕೆ ನಡೆಸುತ್ತ ಬ್ರೇಕು ಹಾಕಿದಾಗ ಒಂದು ಶೂ ತನ್ನ ಆಧಾರದಿಂದ ತುಸು ಸರಿಯುತ್ತದೆ. ಅದು ತಂತಿಯೊಂದನ್ನು ಎಳೆದು ಸನ್ನೆಕೋಲನ್ನು ಎತ್ತುತ್ತದೆ. ಸವೆತ ಅಲ್ಪವಾಗಿದ್ದರೆ ಏನೂ ಆಗದು. ಸಾಕಷ್ಟಾಗಿದ್ದರೆ ಸನ್ನೆಕೋಲು ಹಲ್ಲುಗಾಲಿಯ ಮುಂದಿನ ಹಲ್ಲಿಗೆ ಸಿಕ್ಕಿ, ಬ್ರೇಕು ಬಿಟ್ಟಾಗ ಅದನ್ನು ತಿರುಗಿಸುತ್ತದೆ. ಶೂಗಳ ನಡುವಿನ ತಿರುಪಿನ ಸರಳು ಕೂದಲೆಳೆಯಷ್ಟು ಉದ್ದವಾಗುತ್ತದೆ.

ಭಾರವಾದ ಲಾರಿಗಳ ವಿಷಯ ಇದಕ್ಕಿಂತ ಗಂಭೀರ. ಅಲ್ಲಿ ಬ್ರೇಕನ್ನು ಒತ್ತುವುದು ಗಾಳಿ. ಪೆಡಲು ಗಾಳಿಯನ್ನು ಬಿಡುವ ಕವಾಟ ಮಾತ್ರ. ಬ್ರೇಕು ಸಡಿಲವಾದರೂ ಚಾಲಕನ ಪಾದಕ್ಕೆ ಅದು ಸರಿಯಾಗಿ ತಿಳಿಯದು. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿ ಶೂವಿನಿಂದ ಇನ್ನಷ್ಟು ದೂರವಾದಾಗಲೇ, ಅಂದರೆ ಬ್ರೇಕು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ, ಅದು ಕೈಕೊಡುತ್ತದೆ. ಅಮೆರಿಕ ಸರ್ಕಾರ 1994ರ ಅಕ್ಟೋಬರಿನಿಂದ ತಯಾರಾಗುವ ಗಾಳಿ ಬ್ರೇಕಿನ ವಾಹನಗಳಿಗೆ ಸ್ವಯಂಚಾಲಿತ ಹೊಂದಾಣಿಕೆಯನ್ನು ಕಡ್ಡಾಯ ಮಾಡಿತು. ಮೊದಲ ಸ್ಟೂಡಿಬೇಕರಿನಿಂದ ಇಲ್ಲಿಗೆ ಸುಮಾರು 47 ವರ್ಷ!

ಕಥೆ ಇಲ್ಲಿಗೆ ಮುಗಿಯಲಿಲ್ಲ. 2003ರ ಏಪ್ರಿಲ್ 11ರಂದು ಪೆನ್ಸಿಲ್ವೇನಿಯಾದ ಗ್ಲೆನ್ ರಾಕ್ ಎಂಬಲ್ಲಿ ಇಳಿಜಾರಿನಲ್ಲಿ ಬರುತ್ತಿದ್ದ ಟಿಪ್ಪರ್ ಲಾರಿಯೊಂದು ನಿಲ್ಲದೆ ಕಾರುಗಳಿಗೆ ಅಪ್ಪಳಿಸಿ ಜೀವಹಾನಿಯಾಯಿತು. ಅದರಲ್ಲಿ ಸ್ವಯಂಚಾಲಿತ ಸಾಧನಗಳೇ ಇದ್ದವು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ, ಚಾಲಕನಿಗೆ ತರಬೇತಿಯಿಲ್ಲದ್ದು, ಮಿತಿಮೀರಿದ ಭಾರ, ಬ್ರೇಕುಗಳ ಅಸಮರ್ಪಕ ನಿರ್ವಹಣೆ ಇವುಗಳ ಜೊತೆಗೆ ಮತ್ತೊಂದನ್ನೂ ಎತ್ತಿತೋರಿಸಿತು: ಮೂಲದೋಷವನ್ನು ಮೆಕ್ಯಾನಿಕರು ಸರಿಯಾಗಿ ಗುರುತಿಸಿರಲಿಲ್ಲ; ಸ್ವಯಂಚಾಲಿತ ಸಾಧನವನ್ನು ಕೈಯಿಂದ ಬಿಗಿಮಾಡುವುದು ಅಪಾಯವೆಂಬ ಎಚ್ಚರಿಕೆಯೂ ಸಾಲದಾಗಿತ್ತು.

ತಾನಾಗಿ ಸರಿಹೋಗಬೇಕಾದದ್ದು ಸರಿಹೋಗುತ್ತಿಲ್ಲವೆಂದರೆ ಒಳಗೆಲ್ಲೋ ದೋಷವಿದೆಯೆಂದೇ ಅರ್ಥ. ಅದನ್ನು ಹುಡುಕದೆ ಮೇಲಿಂದ ಬಿಗಿಮಾಡಿದರೆ ಕೆಲವು ದಿನ ಎಲ್ಲವೂ ಸರಿಯಾಗಿ ಕಂಡು, ದೋಷ ಒಳಗೇ ಬೆಳೆಯುತ್ತದೆ. ನಿಮ್ಮಲ್ಲಿ ಅನೇಕರು ಇಂದು ವಾಹನಗಳ ಒಡೆಯರಾಗಿದ್ದೀರಿ, ಕೆಲವರು ಘಟ್ಟದ ದಾರಿಗಳಲ್ಲಿ ನಿತ್ಯ ಸಂಚರಿಸುವವರು. ಬ್ರೇಕು ಪದೇ ಪದೇ ಸಡಿಲವಾದರೆ, ಬಿಗಿಮಾಡಿಸಿಕೊಂಡು ಹೊರಡುವ ಮೊದಲು ಕಾರಣವೇನೆಂದು ಕೇಳಿರಿ.