ಜಗುಲಿಯ ದುಡಿಮೆ ಮತ್ತು ನ್ಯಾಯವಾದ ಕೂಲಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಬರುವ ಯಾತ್ರಿಕರು ಅನೇಕ. ಆ ಊರಿನ ಆಸುಪಾಸಿನಲ್ಲಿಯೂ ಬಂಟ್ವಾಳ, ಬೆಳ್ತಂಗಡಿಗಳ ಹಳ್ಳಿಗಳಲ್ಲಿಯೂ ಮನೆಯ ಜಗುಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ತಲೆಮಾರುಗಳಿಂದ ಬೀಡಿ ಕಟ್ಟುತ್ತ ಬಂದ ಸ್ತ್ರೀಯರ ಇತಿಹಾಸವನ್ನು ಕೇಳುವವರು ವಿರಳ.

ಎಲೆ, ಹೊಗೆಸೊಪ್ಪು, ನೂಲುಗಳು ಗುತ್ತಿಗೆದಾರನ 'ಬ್ರಾಂಚಿ'ನಿಂದ ಬರುತ್ತವೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಸುತ್ತಿ, ಕಟ್ಟಿ ಮರಳಿ ಒಪ್ಪಿಸಿದರೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸರಿಯಿಲ್ಲವೆಂದು ತೆಗೆದೊಗೆದ ಬೀಡಿಗಳ ನಷ್ಟ ಕಟ್ಟಿದವಳದೇ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಣ ತೆತ್ತು ಕೊಳ್ಳಬೇಕಾದದ್ದೂ ಉಂಟು.

೧೯೪೮ರ ಕನಿಷ್ಠ ವೇತನ ಕಾಯಿದೆಯ ಪಟ್ಟಿಯಲ್ಲಿ ಬೀಡಿ ತಯಾರಿಕೆ ಸೇರಿತ್ತಾದರೂ, ಮನೆಯಲ್ಲಿ ದುಡಿಯುವವಳು ಯಾರ ನೌಕರಳು ಎಂಬ ಪ್ರಶ್ನೆ ಬಗೆಹರಿದಿರಲಿಲ್ಲ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಗೆಲಸದವರನ್ನೂ ಕಾರ್ಮಿಕರೆಂದು ಸ್ಪಷ್ಟವಾಗಿ ಅಂಗೀಕರಿಸಿತು. ಹೆರಿಗೆಯ ಸೌಲಭ್ಯವನ್ನೂ ವಿಸ್ತರಿಸಿತು. ಮಾಲೀಕರು ಇದನ್ನು ಪ್ರಶ್ನಿಸಿದರು. ಮನೆಯೊಳಗೆ ನಡೆಯುವ ಕೆಲಸದ ಮೇಲೆ ತಮಗೆ ಹತೋಟಿ ಎಲ್ಲಿಯದು ಎಂಬುದು ಅವರ ವಾದ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಬೀಡಿಯನ್ನು ತಿರಸ್ಕರಿಸುವ ಅಧಿಕಾರವೇ ಹತೋಟಿಯ ಲಕ್ಷಣವೆಂದು ಅಲ್ಲಿ ಪರಿಗಣಿತವಾದುದು ಗಮನಾರ್ಹ. ಯಾವ ತಿರಸ್ಕಾರದಿಂದ ಕೂಲಿ ಕರಗುತ್ತಿತ್ತೋ ಅದೇ ಅವಳ ಹಕ್ಕಿಗೆ ಸಾಕ್ಷಿಯಾಯಿತು! ಆದರೆ ತೀರ್ಪು ಬ್ರಾಂಚಿನ ಕಟ್ಟೆಯವರೆಗೂ ತಾನಾಗಿ ನಡೆದು ಬರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಅದರಿಂದ ಪ್ರಯೋಜನ ಅಲ್ಪ.

೧೯೭೬ರ ಶಾಸನಗಳಿಂದ ಬೀಡಿಯ ಮೇಲೆ ಕರ ವಿಧಿಸಿ ಕಲ್ಯಾಣನಿಧಿಯನ್ನು ಸ್ಥಾಪಿಸಲಾಯಿತು. ಔಷಧಾಲಯ, ವಸತಿ, ಮಕ್ಕಳ ವಿದ್ಯಾರ್ಥಿವೇತನಗಳು ಅದರಿಂದ ನಡೆದುವು. ೨೦೧೭ರಲ್ಲಿ ಆ ಕರ ರದ್ದಾಯಿತು.

ಬೇರೆ ಕಸುಬನ್ನು ಕಲಿಸುವ ಪ್ರಯತ್ನವೂ ಈ ಸೀಮೆಯಲ್ಲಿಯೇ ಆರಂಭವಾಯಿತು. ೧೯೮೨ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ ವಸತಿಗಳೊಡನೆ ಉಚಿತವಾದ ಅಲ್ಪಾವಧಿಯ ತರಬೇತಿ. ಮುಗಿದ ಮೇಲೂ ಕಲಿತವರನ್ನು ಕೈಬಿಡದೆ ವಿಚಾರಿಸುವ ಪದ್ಧತಿ. ಈ ಮಾದರಿಯನ್ನೇ ಕೇಂದ್ರ ಸರ್ಕಾರವು ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಅದರ ಗುರಿ ಸ್ವಉದ್ಯೋಗ. ಜಗುಲಿಯಲ್ಲಿ ಕುಳಿತು ಇನ್ನೂ ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಿರುವ ವಯಸ್ಸಾದವರ ಕೂಲಿಯ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಲ್ಲ.