ಬೇರ್ಪಡಿಸಿದರೆ ಬೆಲೆ, ಬೆರೆಸಿದರೆ ಕಸ

‘ಹಳೇ ಪೇಪರ್, ಹಳೇ ಕಬ್ಬಿಣ, ಖಾಲಿ ಶೀಶೆ’ ಎಂದು ಕೂಗುತ್ತ ಬರುವ ಗುಜರಿಯವರು ಮೊದಲು ಮಾಡುವ ಕೆಲಸವೇ ವಿಂಗಡಣೆ. ಪೇಪರ್ ಬೇರೆ, ರಟ್ಟು ಬೇರೆ. ಕಬ್ಬಿಣ ಬೇರೆ, ಹಿತ್ತಾಳೆ ಬೇರೆ. ಒಂದೊಂದಕ್ಕೂ ಒಂದೊಂದು ದರ. ಗುಜರಿ ಅಂಗಡಿಗೆ ಗೊತ್ತಿದ್ದ ಈ ಲೆಕ್ಕ ನಗರಾಡಳಿತಕ್ಕೆ ಅರ್ಥವಾಗಲು ಬಹುಕಾಲ ಹಿಡಿಯಿತು. ಆ ವಿಳಂಬದ ದಂಡ ತೆತ್ತವರು ಬೆಂಗಳೂರಿನ ಸುತ್ತಲಿನ ಹಳ್ಳಿಗರು.

ಕಸ ಬೇರ್ಪಡಿಸಬೇಕೆಂದು ಕೇಂದ್ರದ ನಿಯಮಗಳು 2000ದಲ್ಲೇ ಹೇಳಿದ್ದವು. ಆದರೂ ನಗರದ ಕಸವೆಲ್ಲ ಒಂದಾಗಿ ಲಾರಿ ಏರಿ ಯಲಹಂಕ ಬಳಿಯ ಮಾವಳ್ಳಿಪುರಕ್ಕೆ, ಹೊಸಕೋಟೆ ದಿಕ್ಕಿನ ಮಂಡೂರಿಗೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿಗೆ ಹೋಯಿತು. ದುರ್ವಾಸನೆ, ನೊಣ, ಕೆಟ್ಟ ನೀರಿನಿಂದ ಬೇಸತ್ತ ಜನ ಲಾರಿಗಳನ್ನು ತಡೆದರು. 2012ರಲ್ಲಿ ಮಾವಳ್ಳಿಪುರದ, 2014ರ ಕೊನೆಗೆ ಮಂಡೂರಿನ ರಾಶಿಗೆ ತೆರೆ ಬಿತ್ತು. ದೊಡ್ಡಬಳ್ಳಾಪುರದ ಹಳ್ಳಿಗಳ ಹೋರಾಟ ಬಳಿಕವೂ ನಡೆಯಿತು.

ಈ ಒತ್ತಡವೇ ನಗರದ ಕಣ್ಣು ತೆರೆಸಿತು. ಚಿಂದಿ ಆಯುವವರಿಗೆ ಪಾಲಿಕೆ 2011ರಲ್ಲಿ ಗುರುತಿನ ಚೀಟಿ ನೀಡತೊಡಗಿತು. 2012ರಲ್ಲಿ ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯವಾಯಿತು. ವಾರ್ಡುಗಳಲ್ಲಿ ಒಣಕಸ ಕೇಂದ್ರಗಳು ತಲೆಯೆತ್ತಿದವು. 2015ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟು ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಗೆ ಆದೇಶ ನೀಡಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಮರುಬಳಕೆಗೆ ಬಾರದ್ದಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ.

ಒಣಕಸವನ್ನು ಬೇರೆ ಇಟ್ಟ ಮಾತ್ರಕ್ಕೆ ಬೆಲೆ ಬಂದೀತೆ? ಇಲ್ಲ. ಅದರೊಳಗೂ ಜಾತಿ ಬಿಡಿಸಬೇಕು. ಅನ್ನ, ಸಾರು ತಾಗಿದ ಕಾಗದ ಯಾರಿಗೂ ಬೇಡ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ್ದರೆ ಮಾತ್ರ ಮಾಲು. ಪ್ಲಾಸ್ಟಿಕ್ಕಿನ ಜಾತಿ ಗುರುತಿಸಲು ಅಮೆರಿಕದ ಉದ್ಯಮದವರು 1988ರಲ್ಲಿ 1ರಿಂದ 7ರವರೆಗಿನ ಅಂಕಿಗಳನ್ನು ತಂದರು. ಬಾಟಲಿಯ ತಳದ ತ್ರಿಕೋನದಲ್ಲಿರುವುದು ಅದೇ. ನೀರಿನ ಬಾಟಲಿಯ ‘ಪೆಟ್’ ಚೂರು ನೀರಲ್ಲಿ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹೀಗೆ ಅವೆರಡನ್ನು ಸುಲಭವಾಗಿ ಬಿಡಿಸಬಹುದು. ಆದರೆ ಪೈಪಿಗೆ ಬಳಸುವ ಪಿ.ವಿ.ಸಿ.ಯೂ ಮುಳುಗುವಂಥದೇ. ಪೆಟ್ ಕರಗುವ ಶಾಖಕ್ಕೆ ಅದು ಸುಟ್ಟು ಆಮ್ಲ ಬಿಡುತ್ತದೆ. ತುಸು ಬೆರೆತರೂ ಇಡೀ ಮಾಲು ಹಳದಿಗಟ್ಟಿ ದರ ಕುಸಿಯುತ್ತದೆ. ಇದನ್ನು ಮೊದಲೇ ಆರಿಸಿ ತೆಗೆಯಲು ಪಳಗಿದ ಕೈ ಬೇಕು.

ಆ ಕೈಗಳ ಕೂಲಿ ನಮ್ಮ ಅಡಿಗೆಮನೆಯ ಶಿಸ್ತನ್ನು ಅವಲಂಬಿಸಿದೆ. ಶುಚಿಯಾದ ಮಾಲು ಸಿಕ್ಕರೆ ಆಯುವವರಿಗೆ ನಾಲ್ಕು ಕಾಸು ಹೆಚ್ಚು. ಹಳ್ಳಿಯ ದಾರಿ ಹಿಡಿಯುವ ಲಾರಿಯೂ ಅಷ್ಟು ಕಡಿಮೆ.